ನೆಲಮಾಳಿಗೆಯ ಅಗ್ಗಿಷ್ಟಿಕೆಯೂ ಅದರ ಉಸಿರೂ

ಕೆನಡಾ ದೇಶದಲ್ಲಿಯೂ ಅಮೆರಿಕಾ ಸಂಯುಕ್ತ ಸಂಸ್ಥಾನದ ಉತ್ತರ ಭಾಗದಲ್ಲಿಯೂ ಮನೆ ಕಟ್ಟಿಸುವವನು ನೆಲವನ್ನು ಆಳವಾಗಿ ಅಗೆಯಲೇಬೇಕು. ಚಳಿಗಾಲದಲ್ಲಿ ಅಲ್ಲಿಯ ಮಣ್ಣು ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತ ಹೋಗುತ್ತದೆ. ಮಣ್ಣಿನಲ್ಲಿರುವ ನೀರು ಮಂಜುಗಡ್ಡೆಯ ಪದರಗಳಾಗಿ ಬೆಳೆದು, ತನ್ನ ಮೇಲೆ ನಿಂತ ಗೋಡೆಯನ್ನು ಮೆಲ್ಲಮೆಲ್ಲನೆ ಮೇಲಕ್ಕೆತ್ತುತ್ತದೆ. ವಸಂತದಲ್ಲಿ ಅದು ಕರಗಿದಾಗ ಗೋಡೆ ಕುಸಿದು ಬಿರುಕು ಬಿಡುತ್ತದೆ. ಆದುದರಿಂದ ಅಡಿಪಾಯವನ್ನು ಹೆಪ್ಪು ತಲುಪದ ಆಳಕ್ಕೆ ಇಳಿಸಬೇಕು. ಟೊರಾಂಟೊ ನಗರದಲ್ಲಿ ಈ ಆಳ ಸುಮಾರು 1.2 ಮೀಟರ್. ಹೇಗೂ ಅಷ್ಟು ಅಗೆದ ಮೇಲೆ ಇನ್ನಷ್ಟು ಅಗೆದರೆ ಒಂದು ಅಂತಸ್ತೇ ದೊರೆಯುತ್ತದೆಯಲ್ಲ! ಅಲ್ಲಿಯ ಮನೆಗಳಿಗೆ ನೆಲಮಾಳಿಗೆ ವಾಡಿಕೆಯಾಗಿರುವುದಕ್ಕೆ ಇದೇ ಮುಖ್ಯ ಕಾರಣ.

ಮೊದಮೊದಲು ಈ ನೆಲಮಾಳಿಗೆಗಳಲ್ಲಿ ಕಲ್ಲಿದ್ದಲಿನ ರಾಶಿ, ಮನೆಯನ್ನು ಬೆಚ್ಚಗಿಡುವ ಕುಲುಮೆ, ಹಳೆಯ ಪೆಟ್ಟಿಗೆಗಳು ಇರುತ್ತಿದ್ದುವು. ಕಲ್ಲಿದ್ದಲು ಹೋಗಿ ಕೊಳವೆಯ ಅನಿಲ ಬಂದ ಮೇಲೆ ಜಾಗ ತೆರವಾಯಿತು. ಗೋಡೆಯುದ್ದಕ್ಕೂ ಮರದ ಚೌಕಟ್ಟು ನಿಲ್ಲಿಸಿ, ನಡುವೆ ಶಾಖರೋಧಕವನ್ನು ತುಂಬಿ, ಮೇಲೆ ಜಿಪ್ಸಂ ಹಲಗೆ ಹೊದಿಸಿ, ನೆಲಕ್ಕೆ ಜಮಖಾನೆ ಹಾಸಿದರೆ ಅದೊಂದು ಸೊಗಸಾದ ಕೊಠಡಿ. ನಮ್ಮ ನಾಡಿನಿಂದ ಹೋಗಿ ಅಲ್ಲಿ ನೆಲಸಿದ ಕುಟುಂಬಗಳು ನೆಂಟರಿಷ್ಟರನ್ನು ಇಳಿಸುವುದೂ ಹಬ್ಬದ ದಿನ ಹತ್ತು ಮಂದಿಯನ್ನು ಕೂಡಿಸುವುದೂ ಅನೇಕ ವೇಳೆ ಇಲ್ಲಿಯೇ. ಆದರೆ ಭೂಮಿಯೊಳಗಿನ ಕೊಠಡಿ ಎಷ್ಟೆಂದರೂ ತಣ್ಣಗೆ. ಇಲ್ಲೊಂದು ಅಗ್ಗಿಷ್ಟಿಕೆ ಇದ್ದಿದ್ದರೆ ಎಂದು ಡಿಸೆಂಬರಿನ ಸಂಜೆ ಮನೆಯವರಿಗೆ ತೋರುವುದು ಸಹಜ. ಸೌದೆ ಒಡೆಯುವ, ಬೂದಿ ಬಳಿಯುವ ಕಷ್ಟವೂ ಬೇಡ. ಅನಿಲದ ಕೊಳವೆ ಪಕ್ಕದಲ್ಲಿಯೇ ಹಾದುಹೋಗಿದೆ. ಅದಕ್ಕೊಂದು ಕವಲು ಜೋಡಿಸಿ, ಗೋಡೆಯಲ್ಲಿ ಗೂಡು ಮಾಡಿ, ಉರಿ ಹಚ್ಚಿದರಾಯಿತು!

ಕೆಲಸ ಇಷ್ಟು ಸುಲಭವಾಗಿ ತೋರುವುದರಲ್ಲಿಯೇ ಅಪಾಯವಿದೆ. ಅನಿಲವನ್ನು ಉರಿಯ ಬಳಿಗೆ ತರುವುದು ಚಿಕ್ಕ ಕೆಲಸ. ಉರಿಗೆ ಬೇಕಾದ ಗಾಳಿ ಎಲ್ಲಿಂದ ಬರಬೇಕು, ಅದು ಬಿಟ್ಟ ಉಸಿರು ಎಲ್ಲಿಗೆ ಹೋಗಬೇಕು ಎಂಬುದೇ ಇಲ್ಲಿಯ ದೊಡ್ಡ ಪ್ರಶ್ನೆ.

ಉರಿಯ ಲೆಕ್ಕ

ಅಲ್ಲಿಯ ನಗರಗಳ ಕೊಳವೆಗಳಲ್ಲಿ ಹರಿಯುವುದು ನೈಸರ್ಗಿಕ ಅನಿಲ. ಅದರ ಬಹುಭಾಗ ಮೀಥೇನ್. ಒಂದು ಪಾಲು ಮೀಥೇನ್ ಎರಡು ಪಾಲು ಆಮ್ಲಜನಕದೊಡನೆ ಕೂಡಿ ಉರಿದಾಗ ಒಂದು ಪಾಲು ಇಂಗಾಲದ ಡೈಆಕ್ಸೈಡೂ ಎರಡು ಪಾಲು ನೀರಾವಿಯೂ ಹುಟ್ಟುತ್ತವೆ. ರಸಾಯನಶಾಸ್ತ್ರದ ತರಗತಿಯಲ್ಲಿ ನಾವೆಲ್ಲರೂ ಬರೆದ ಸಮೀಕರಣವೇ ಇದು. ಅದನ್ನು ಈಗ ಒಂದು ಕೊಠಡಿಯೊಳಗೆ ಇಟ್ಟು ನೋಡೋಣ.

ಅಡಿಗೆಯ ಒಲೆಯ ಒಂದು ಉರಿಯ ಶಕ್ತಿ ಎರಡು ಮೂರು ಕಿಲೋವಾಟ್. ಸಾಧಾರಣ ಗಾತ್ರದ ಅನಿಲದ ಅಗ್ಗಿಷ್ಟಿಕೆಯದು ಸುಮಾರು 9 ಕಿಲೋವಾಟ್. ಅಷ್ಟು ಶಾಖ ಹುಟ್ಟಬೇಕಾದರೆ ಗಂಟೆಗೆ ಸುಮಾರು 0.85 ಘನಮೀಟರ್ ಮೀಥೇನ್ ಉರಿಯಬೇಕು. ಅದಕ್ಕೆ ಬೇಕಾಗುವ ಆಮ್ಲಜನಕ 1.7 ಘನಮೀಟರ್, ಗಾಳಿಯಲ್ಲಿ ಐದನೆಯ ಒಂದು ಪಾಲಷ್ಟೇ ಆಮ್ಲಜನಕವಿರುವುದರಿಂದ, ಗಾಳಿಯ ಲೆಕ್ಕದಲ್ಲಿ ಸುಮಾರು 8 ಘನಮೀಟರ್. ನಮ್ಮ ನೆಲಮಾಳಿಗೆಯು 6 ಮೀಟರ್ ಉದ್ದ, 5 ಮೀಟರ್ ಅಗಲ, 2.4 ಮೀಟರ್ ಎತ್ತರ ಎಂದಿಟ್ಟುಕೊಂಡರೆ ಅದರಲ್ಲಿ ಹಿಡಿಯುವ ಗಾಳಿ 72 ಘನಮೀಟರ್. ಕಿಟಕಿ ಬಾಗಿಲುಗಳನ್ನು ಬಿಗಿಯಾಗಿ ಮುಚ್ಚಿ, ಹೊಗೆಕೊಳವೆಯೇ ಇಲ್ಲದೆ ಉರಿಸಿದ್ದಾದರೆ, ಒಂದು ಗಂಟೆಯಲ್ಲಿ ಆಮ್ಲಜನಕವು ಶೇಕಡ 21ರಿಂದ ಹದಿನೆಂಟೂವರೆಗೆ ಇಳಿಯುತ್ತದೆ. ಹೊರಗಿನ ಗಾಳಿಯಲ್ಲಿ ಶೇಕಡ 0.04ರಷ್ಟಿರುವ ಇಂಗಾಲದ ಡೈಆಕ್ಸೈಡು ಶೇಕಡ 1.2ಕ್ಕೆ ಏರುತ್ತದೆ. ಯಾವ ಕೊಠಡಿಯೂ ಅಷ್ಟು ಬಿಗಿಯಾಗಿರುವುದಿಲ್ಲ, ನಿಜ. ಆದರೆ ಲೆಕ್ಕ ಯಾವ ಕಡೆಗೆ ಸಾಗುತ್ತಿದೆ ಎಂಬುದು ಇದರಿಂದ ತಿಳಿಯುತ್ತದೆ.

ನೀರಿನ ಲೆಕ್ಕವನ್ನು ಸಾಮಾನ್ಯವಾಗಿ ಯಾರೂ ಎಣಿಸುವುದಿಲ್ಲ. ಬೆಂಕಿಯಿಂದ ನೀರು ಹುಟ್ಟುವುದೆಂದರೆ ಮನಸ್ಸು ಒಪ್ಪುವುದು ಕಷ್ಟ. ಆದರೂ ಮೇಲೆ ಹೇಳಿದ ಉರಿಯಿಂದ ಗಂಟೆಗೆ ಒಂದೂಕಾಲು ಲೀಟರಿಗೂ ಹೆಚ್ಚು ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಅದು ಒಳಗೆ ಉಳಿದರೆ ತಣ್ಣನೆಯ ಗೋಡೆಯ ಮೇಲೆ ಹನಿಯಾಗಿ ಕೂತು, ಹಲಗೆಯ ಹಿಂದೆ ಬೂಷ್ಟು ಬೆಳೆಯುತ್ತದೆ. ಗಾಜಿನ ಬಾಗಿಲುಳ್ಳ ಅಗ್ಗಿಷ್ಟಿಕೆಯನ್ನು ಹೊತ್ತಿಸಿದ ಮೊದಲ ಕೆಲವು ನಿಮಿಷ ಗಾಜು ಮಸುಕಾಗಿ, ಬಳಿಕ ತಾನಾಗಿಯೇ ತಿಳಿಯಾಗುವುದನ್ನು ಕಾಣಬಹುದು. ಉರಿಯಲ್ಲಿ ಹುಟ್ಟಿದ ನೀರೇ ಅದು. ಮೈಕೇಲ್ ಫ್ಯಾರಡೆ 1860–61ರ ಕ್ರಿಸ್‌ಮಸ್ ಕಾಲದಲ್ಲಿ ಲಂಡನ್ನಿನ ಬಾಲಕರಿಗೆ ಮೇಣದಬತ್ತಿಯನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟಾಗ ತೋರಿಸಿಕೊಟ್ಟ ಸಂಗತಿಗಳಲ್ಲಿ ಇದೂ ಒಂದು.

ಕಾಣದ ವಿಷ

ಮೇಲಿನ ಸಮೀಕರಣವು ಗಾಳಿ ಸಾಕಷ್ಟು ದೊರೆತಾಗಿನ ಮಾತು. ಗಾಳಿ ಸಾಲದಾದರೆ, ಅಥವಾ ಉರಿಯು ತಣ್ಣನೆಯ ವಸ್ತುವಿಗೆ ತಗಲಿ ಅರ್ಧದಲ್ಲಿಯೇ ಆರಿದರೆ, ಇಂಗಾಲಕ್ಕೆ ದೊರೆಯಬೇಕಾದ ಎರಡು ಆಮ್ಲಜನಕ ಪರಮಾಣುಗಳಲ್ಲಿ ಒಂದು ತಪ್ಪಿಹೋಗುತ್ತದೆ. ಆಗ ಹುಟ್ಟುವುದೇ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಶ್ವಾಸಕೋಶವನ್ನು ಹೊಕ್ಕು, ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಆಮ್ಲಜನಕ ಕೂರಬೇಕಾದ ಸ್ಥಾನದಲ್ಲಿ ಅದು ತಾನು ಕೂತುಬಿಡುತ್ತದೆ. ಹಿಮೋಗ್ಲೋಬಿನ್ನಿಗೆ ಆಮ್ಲಜನಕದ ಮೇಲಿರುವುದಕ್ಕಿಂತ ಇದರ ಮೇಲಿನ ಒಲವು ಇನ್ನೂರು ಪಟ್ಟಿಗೂ ಮಿಗಿಲು. ಗಾಳಿಯಲ್ಲಿ ಆಮ್ಲಜನಕ ಶೇಕಡ 21 ಇದೆಯಷ್ಟೆ. ಅದರ ಇನ್ನೂರರಲ್ಲೊಂದು ಪಾಲು, ಎಂದರೆ ಗಾಳಿಯಲ್ಲಿ ಸಾವಿರಕ್ಕೆ ಒಂದರಷ್ಟು, ಮಾನಾಕ್ಸೈಡ್ ಇದ್ದರೆ ಕಾಲಕ್ರಮದಲ್ಲಿ ರಕ್ತದ ಅರ್ಧಭಾಗ ಅದರ ವಶವಾಗುತ್ತದೆ. ಅಷ್ಟಾದರೆ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ಅಲ್ಲಿಂದ ಹೊರಗೆ ಸಾಗಿಸುವವರಿಲ್ಲದಿದ್ದರೆ ಬದುಕುವುದಿಲ್ಲ. ಮೊದಲ ಲಕ್ಷಣಗಳಾದ ತಲೆನೋವು, ಓಕರಿಕೆ, ಮಂಪರುಗಳನ್ನು ಜನ ನೆಗಡಿಯೆಂದೋ ಆಯಾಸವೆಂದೋ ತಿಳಿದು ಅದೇ ಕೊಠಡಿಯಲ್ಲಿ ಮಲಗುವುದುಂಟು.

ಸ್ಕಾಟ್ಲೆಂಡಿನ ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಈ ಅನಿಲವನ್ನು ತಾನೇ ಉಸಿರಾಡಿ ಪರೀಕ್ಷಿಸಿದನು. ಕಲ್ಲಿದ್ದಲ ಗಣಿಗಳು ಸಿಡಿದಾಗ ಸಾಯುವವರಲ್ಲಿ ಬಹುಮಂದಿ ಸ್ಫೋಟದ ಹೊಡೆತದಿಂದಲ್ಲದೆ ಆಮೇಲೆ ಹರಡುವ ಮಾನಾಕ್ಸೈಡಿನಿಂದಲೇ ಸಾಯುತ್ತಾರೆಂದು 1896ರ ವರದಿಯಲ್ಲಿ ತಿಳಿಸಿದವನೂ ಆತನೇ. ಮನುಷ್ಯನಿಗಿಂತ ಬೇಗ ಈ ವಿಷಕ್ಕೆ ಸಿಕ್ಕುವ ಚಿಕ್ಕ ಪ್ರಾಣಿಯನ್ನು ಗಣಿಗೆ ಒಯ್ಯಬೇಕೆಂಬುದು ಅವನ ಸಲಹೆ. ಹಳದಿಯ ಕ್ಯಾನರಿ ಹಕ್ಕಿಗಳು ಬ್ರಿಟನ್ನಿನ ಗಣಿಗಳಲ್ಲಿ 1980ರ ದಶಕದವರೆಗೂ ಈ ಸೇವೆಯಲ್ಲಿದ್ದುವು.

ಈ ಮಾತಿಗೆ ಅಮೆರಿಕೆಯ ಚಳಿ ಬೇಕೇ ಬೇಕೆಂದಿಲ್ಲ. ನಮ್ಮ ಹಳೆಯ ಮನೆಗಳ ಬಚ್ಚಲಿನಲ್ಲಿ ಹಂಡೆಯ ಒಲೆ ಉರಿಯುತ್ತಿದ್ದಾಗ ಹೊಗೆಯು ಹೆಂಚಿನ ಸಂದುಗಳಿಂದ ಹೊರಗೆ ಹೋಗುತ್ತಿದ್ದಿತು. ಹೋಗದಿದ್ದರೆ ಕಣ್ಣು ಉರಿದು ಕೆಮ್ಮು ಬಂದು ಜನರೇ ಹೊರಗೆ ಓಡುತ್ತಿದ್ದರು. ಹೊಗೆ ಎಂಬುದು ಪೀಡೆಯೂ ಹೌದು, ಎಚ್ಚರಿಕೆಯೂ ಹೌದು. ಇಂದಿನ ಕಿರಿದಾದ ಸ್ನಾನದ ಕೋಣೆಯಲ್ಲಿ, ಗಾಜಿನ ಕಿಟಕಿಯನ್ನು ಬಿಗಿಯಾಗಿ ಮುಚ್ಚಿ, ಹೊಗೆಯಿಲ್ಲದೆ ಉರಿಯುವ ಗ್ಯಾಸ್ ಗೀಸರನ್ನು ಹಚ್ಚಿ ಸ್ನಾನಕ್ಕೆ ನಿಂತವರು ಅಲ್ಲಿಯೇ ಕುಸಿದುಬಿದ್ದು ಸತ್ತ ಸುದ್ದಿಯನ್ನು ಬೆಂಗಳೂರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ನೆಲಮಾಳಿಗೆಯ ಅಗ್ಗಿಷ್ಟಿಕೆಯ ಸಮಸ್ಯೆಯೂ ಸ್ನಾನದ ಕೋಣೆಯ ಸಮಸ್ಯೆಯೂ ಒಂದೇ.

ಅರ್ಧ ಮಿಲಿಮೀಟರ್ ನೀರು

ಹಾಗಾದರೆ ಒಂದು ಹೊಗೆಕೊಳವೆಯನ್ನು ನಿಲ್ಲಿಸಿದರಾಯಿತು ಎಂದು ವಾಚಕರು ಹೇಳಬಹುದು. ಶತಮಾನಗಳಿಂದ ಯೂರೋಪಿನವರು ಮಾಡಿದುದೂ ಅದನ್ನೇ. ಕೊಳವೆಯೊಳಗಿನ ಬಿಸಿಗಾಳಿ ಹಗುರವಾದುದರಿಂದ ಮೇಲೇರುತ್ತದೆ. ಅದರ ಸ್ಥಾನಕ್ಕೆ ಕೊಠಡಿಯ ಗಾಳಿ ನುಗ್ಗುತ್ತದೆ. ಕೊಠಡಿಗೆ ಹೊರಗಿನ ತಣ್ಣನೆಯ ಗಾಳಿ ಬಾಗಿಲ ಸಂದುಗಳಿಂದ ನುಸುಳುತ್ತದೆ. ತೆರೆದ ಅಗ್ಗಿಷ್ಟಿಕೆಯ ಮುಂದೆ ಕುಳಿತವನ ಮುಖ ಸುಡುವುದೂ ಬೆನ್ನು ನಡುಗುವುದೂ ಇದರಿಂದಲೇ. ಬೆಂಜಮಿನ್ ಫ್ರಾಂಕ್ಲಿನ್ 1744ರಲ್ಲಿ ತನ್ನ ಹೊಸ ಅಗ್ಗಿಷ್ಟಿಕೆಯ ವಿಷಯವಾಗಿ ಅಚ್ಚುಹಾಕಿಸಿದ ಪುಸ್ತಿಕೆಯಲ್ಲಿ ಇದನ್ನೇ ದೂರಿದ್ದಾನೆ. 1796ರಲ್ಲಿ ಕೌಂಟ್ ರಮ್ಫರ್ಡ್ ಎಂಬಾತನು ಗೂಡಿನ ಆಕಾರವನ್ನು ಬದಲಾಯಿಸಿ ಹೊಗೆಯ ಕಾಟವನ್ನು ಬಹಳಮಟ್ಟಿಗೆ ತಗ್ಗಿಸಿದನು. ಆದರೂ ಉರಿಯು ಕೊಠಡಿಯ ಗಾಳಿಯನ್ನೇ ತಿನ್ನುವುದು ತಪ್ಪಲಿಲ್ಲ.

ಹಳೆಯ ಮನೆಗಳಲ್ಲಿ ಸಂದುಗಳು ಧಾರಾಳವಾಗಿದ್ದುವು, ಆದುದರಿಂದ ನಡೆಯಿತು. ಇಂದಿನ ಮನೆಗಳನ್ನು ಶಾಖ ಸೋರದಂತೆ ಬಿಗಿಯಾಗಿ ಕಟ್ಟುತ್ತಾರೆ. ಅದರಲ್ಲಿಯೂ ನೆಲಮಾಳಿಗೆಯ ಸ್ಥಿತಿ ವಿಚಿತ್ರವಾದುದು. ಚಳಿಗಾಲದಲ್ಲಿ ಇಡೀ ಮನೆಯೇ ಒಂದು ದೊಡ್ಡ ಹೊಗೆಕೊಳವೆಯಂತೆ ವರ್ತಿಸುತ್ತದೆ. ಒಳಗಿನ ಬೆಚ್ಚನೆಯ ಗಾಳಿ ಮೇಲೇರಿ ಛಾವಣಿಯ ಸಂದುಗಳಿಂದ ಹೊರಗೆ ಹೋಗುತ್ತದೆ. ಕೆಳಗಿನ ಅಂತಸ್ತು ಅಷ್ಟೇ ಗಾಳಿಯನ್ನು ಹೊರಗಿನಿಂದ ಹೀರಿಕೊಳ್ಳಲು ಹವಣಿಸುತ್ತದೆ. ಹೊರಗೆ ಶೂನ್ಯಕ್ಕಿಂತ 15 ಡಿಗ್ರಿ ಕೆಳಗೆ, ಒಳಗೆ 20 ಡಿಗ್ರಿ ಸೆಲ್ಸಿಯಸ್, ನೆಲಮಾಳಿಗೆಯ ತಳದಿಂದ ಛಾವಣಿಗೆ 6 ಮೀಟರ್ ಎತ್ತರ ಎಂದು ಗುಣಿಸಿ ನೋಡಿದರೆ, ನೆಲಮಾಳಿಗೆಯ ಒತ್ತಡವು ಹೊರಗಿನ ಒತ್ತಡಕ್ಕಿಂತ ಸುಮಾರು 5 ಪಾಸ್ಕಲ್ ಕಡಿಮೆಯಾಗಿರುತ್ತದೆ. ಐದು ಪಾಸ್ಕಲ್ ಎಂದರೆ ಅರ್ಧ ಮಿಲಿಮೀಟರ್ ಎತ್ತರದ ನೀರಿನ ಭಾರ; ವಾಯುಮಂಡಲದ ಒತ್ತಡದ ಇಪ್ಪತ್ತು ಸಾವಿರದಲ್ಲೊಂದು ಪಾಲು. ಇದೇನು ಮಹಾ ಎನ್ನಿಸಬಹುದು. ಆದರೆ ಸಾಧಾರಣ ಹೊಗೆಕೊಳವೆಯ ಎಳೆತವೂ ಹೆಚ್ಚುಕಡಮೆ ಇದೇ ಪ್ರಮಾಣದ್ದು! ಮೇಲಿನ ಅಂತಸ್ತಿನಲ್ಲಿ ಅಡಿಗೆಮನೆಯ ಹೊಗೆಪಂಖ ತಿರುಗಿದರೆ, ಬಟ್ಟೆ ಒಣಗಿಸುವ ಯಂತ್ರ ಒಳಗಿನ ಗಾಳಿಯನ್ನು ಹೊರಗೆ ತಳ್ಳಿದರೆ, ತಕ್ಕಡಿಯ ಮುಳ್ಳು ಆ ಕಡೆಗೆ ವಾಲುತ್ತದೆ. ಆಗ ಹೊಗೆಕೊಳವೆಯಲ್ಲಿ ಗಾಳಿ ಹಿಮ್ಮುಖವಾಗಿ ಹರಿದು, ಹೊರಗೆ ಹೋಗಬೇಕಾದುದೆಲ್ಲ ಒಳಗೇ ಇಳಿಯುತ್ತದೆ. ಮನೆಯ ಕುಲುಮೆಯೂ ನೀರು ಕಾಯಿಸುವ ಹಂಡೆಯೂ ಹಳೆಯ ಬಗೆಯವಾಗಿ ಅಲ್ಲಿಯೇ ಇದ್ದರೆ, ಹೊಸ ಅಗ್ಗಿಷ್ಟಿಕೆ ಅವುಗಳ ಗಾಳಿಯನ್ನೂ ಕಸಿದುಕೊಳ್ಳುತ್ತದೆ. ಹೊಸದನ್ನು ತಂದಿಟ್ಟು ಹಳೆಯದನ್ನು ವಿಷಕಾರಿಯಾಗಿ ಮಾಡುವುದೆಂದರೆ ಇದೇ.

ಕೊಳವೆಯೊಳಗೆ ಕೊಳವೆ

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ಸರಳವಾಗಿದೆ. ನಮಗೆ ಅದು ಬಹಳ ಮೆಚ್ಚಿಕೆಯಾಗಿದೆ. ಉರಿಯನ್ನು ಒಂದು ಲೋಹದ ಪೆಟ್ಟಿಗೆಯಲ್ಲಿಟ್ಟು ಮುಂಭಾಗಕ್ಕೆ ಗಾಜನ್ನು ಭದ್ರವಾಗಿ ಮುಚ್ಚುತ್ತಾರೆ. ಪೆಟ್ಟಿಗೆಯ ಹಿಂದಿನಿಂದ ಅಥವಾ ಮೇಲಿನಿಂದ ಜೋಡಿ ಕೊಳವೆಯೊಂದು ಹೊರಗೋಡೆಯನ್ನು ದಾಟುತ್ತದೆ. ಸುಮಾರು 10 ಸೆಂಟಿಮೀಟರ್ ಅಗಲದ ಒಳಕೊಳವೆಯಲ್ಲಿ ಉರಿದ ಅನಿಲ ಹೊರಗೆ ಹೋಗುತ್ತದೆ. ಅದನ್ನು ಸುತ್ತುವರಿದ 17 ಸೆಂಟಿಮೀಟರಿನ ಹೊರಕೊಳವೆಯಲ್ಲಿ ಹೊರಗಿನ ಗಾಳಿ ಒಳಗೆ ಬರುತ್ತದೆ. ಬರುವ ಗಾಳಿ ಹೋಗುವ ಗಾಳಿಯಿಂದ ಒಂದಿಷ್ಟು ಶಾಖವನ್ನೂ ಕಸಿದುಕೊಳ್ಳುತ್ತದೆ. ಉರಿಯು ಕೊಠಡಿಯಲ್ಲಿದ್ದರೂ ಉಸಿರಾಡುವುದು ಬಯಲಿನಲ್ಲಿ. ಎರಡು ಬಾಯಿಗಳೂ ಒಂದೇ ಸ್ಥಳದಲ್ಲಿರುವುದರಿಂದ ಹೊರಗೆ ಬಿರುಗಾಳಿ ಬೀಸಿದರೂ ಎರಡರ ಮೇಲೂ ಹೆಚ್ಚುಕಡಮೆ ಸಮನಾದ ಒತ್ತಡ ಬಿದ್ದು ಪರಸ್ಪರ ವಜಾ ಆಗುತ್ತದೆ. ಒಳಗೆ ಎಷ್ಟು ಪಂಖಗಳು ತಿರುಗಿದರೂ ಉರಿಗೆ ಅದರ ಗೊಡವೆಯಿಲ್ಲ.

ಗಾಜು ಮುಚ್ಚಿದರೆ ಶಾಖ ಬರುವುದೆಂತು? ಬಿಸಿಯಾದ ಗಾಜು ತಾನೇ ಶಾಖಕಿರಣಗಳನ್ನು ಬೀರುತ್ತದೆ. ಪೆಟ್ಟಿಗೆಯ ಸುತ್ತಲಿನ ಇನ್ನೊಂದು ಕವಚದಲ್ಲಿ ಕೊಠಡಿಯ ಗಾಳಿ ಹರಿದು ಬೆಚ್ಚಗಾಗಿ ಹಿಂದಿರುಗುತ್ತದೆ. ಈ ಗಾಜು ಕಿಟಕಿಗೆ ಹಾಕುವ ಗಾಜಲ್ಲ. ಅಮೆರಿಕೆಯ ಕಾರ್ನಿಂಗ್ ಸಂಸ್ಥೆಯಲ್ಲಿ ಡೊನಾಲ್ಡ್ ಸ್ಟೂಕಿ ಎಂಬ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ಗಾಜಿನ ತುಂಡೊಂದನ್ನು 600 ಡಿಗ್ರಿಗೆ ಕಾಯಿಸಲಿಟ್ಟಿದ್ದನು. ಕುಲುಮೆ ಕೆಟ್ಟು ಉಷ್ಣತೆ 900 ಡಿಗ್ರಿಗೆ ಏರಿತು. ಕರಗಿಹೋಗಿರಬೇಕೆಂದು ತೆರೆದು ನೋಡಿದರೆ ತುಂಡು ಬೆಳ್ಳಗೆ ಗಟ್ಟಿಯಾಗಿ ಉಳಿದಿದೆ. ಇಕ್ಕಳದಿಂದ ಜಾರಿ ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಗಾಜಿನೊಳಗೆ ಸೂಕ್ಷ್ಮ ಹರಳುಗಳು ಬೆಳೆದಿದ್ದುವು. ಹೀಗೆ ಹುಟ್ಟಿದ ಸ್ಫಟಿಕಗಾಜಿನ ವಂಶದಲ್ಲಿ ಮುಂದೆ ಬಂದ ಕೆಲವು ಬಗೆಗಳು ಕಾಯಿಸಿದರೂ ಹಿಗ್ಗುವುದಿಲ್ಲವೆಂಬಷ್ಟು ಸ್ಥಿರ, ಆದುದರಿಂದ ಬಿರಿಯುವುದಿಲ್ಲ. ಆದರೆ ಅದರ ಮೈ ಇನ್ನೂರು ಡಿಗ್ರಿಯನ್ನು ದಾಟುವುದುಂಟು. ಉರಿಯ ಚೆಲುವಿಗೆ ಮರುಳಾಗಿ ಅಂಬೆಗಾಲಿಡುವ ಮಕ್ಕಳು ಅಂಗೈ ಊರಿ ಸುಟ್ಟುಕೊಂಡದ್ದು ಹೆಚ್ಚಾದ ಮೇಲೆ, ಅಮೆರಿಕೆಯಲ್ಲಿ 2015ರಿಂದ ಇಂಥ ಗಾಜಿನ ಮುಂದೆ ರಕ್ಷಣೆಯ ಜಾಲರಿ ಇರಲೇಬೇಕೆಂಬ ನಿಯಮ ಬಂದಿತು.

ಉರಿಯ ಬಣ್ಣದ ವಿಷಯವಾಗಿಯೂ ಒಂದು ಮಾತು. ಪ್ರಯೋಗಶಾಲೆಯ ಬುನ್ಸೆನ್ ಒಲೆಯಲ್ಲಿ ಗಾಳಿಯ ರಂಧ್ರವನ್ನು ತೆರೆದರೆ ನೀಲಿ ಉರಿ, ಮುಚ್ಚಿದರೆ ಹಳದಿ ಉರಿ. ಹಳದಿ ಬಣ್ಣ ಕೊಡುವುದು ಕೆಂಡವಾಗಿ ಹೊಳೆಯುವ ಮಸಿಯ ಕಣಗಳು. ಅಡಿಗೆಯವನಿಗೆ ನೀಲಿ ಬೇಕು. ಅಗ್ಗಿಷ್ಟಿಕೆಯ ಮುಂದೆ ಕೂರುವವನಿಗೆ ಸೌದೆಯನ್ನು ನೆನಪಿಗೆ ತರುವ ಹಳದಿ ಬೇಕು. ಆದಕಾರಣ ಇಲ್ಲಿ ಉರಿಯನ್ನು ಬೇಕೆಂದೇ ಸ್ವಲ್ಪ ಹಸಿವಿನಲ್ಲಿಡುತ್ತಾರೆ. ಸೌದೆಯಂತೆ ಕಾಣುವ ಪಿಂಗಾಣಿಯ ತುಂಡುಗಳನ್ನು ಹೇಗೆ ಜೋಡಿಸಬೇಕೆಂದು ತಯಾರಕರು ಚಿತ್ರ ಬರೆದು ಕೊಡುವುದೂ ಇದಕ್ಕೇ. ಅಂದಕ್ಕಾಗಿ ಒಂದು ತುಂಡನ್ನು ಸರಿಸಿದರೆ ಉರಿಯು ಅದಕ್ಕೆ ಬಡಿದು ಮಸಿಯೂ ಮಾನಾಕ್ಸೈಡೂ ಹುಟ್ಟುತ್ತವೆ.

ಹೊಗೆಕೊಳವೆಯೇ ಬೇಡವೆನ್ನುವ ಅಗ್ಗಿಷ್ಟಿಕೆಗಳೂ ಮಾರಾಟಕ್ಕುಂಟು. ಅವು ಉರಿದುದನ್ನೆಲ್ಲ ಕೊಠಡಿಗೇ ಬಿಡುತ್ತವೆ. ಆಮ್ಲಜನಕವು ಶೇಕಡ 18ರ ಸುಮಾರಿಗೆ ಇಳಿದರೆ ಅದರ ಕಿರುಜ್ವಾಲೆ ತನ್ನ ನೆಲೆಯಿಂದ ಮೇಲಕ್ಕೆ ತೇಲಿ, ಅನಿಲ ತಾನಾಗಿ ನಿಲ್ಲುವಂತೆ ಏರ್ಪಾಡು ಮಾಡಿರುತ್ತಾರೆ. ಯುಕ್ತಿ ಜಾಣತನದ್ದೇ. ಆದರೆ ಅದು ಆಮ್ಲಜನಕದ ಕೊರತೆಯನ್ನು ಅಳೆಯುತ್ತದೆಯೇ ಹೊರತು ವಿಷವನ್ನಲ್ಲ. ಗಂಟೆಗೊಂದು ಲೀಟರು ನೀರಾವಿಯನ್ನಂತೂ ತಡೆಯಲಾರದು. ಕೆನಡಾದಲ್ಲಿ ವಾಸದ ಮನೆಗಳಲ್ಲಿ ಇವಕ್ಕೆ ಅನುಮತಿಯಿಲ್ಲ. ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿಯೂ ಇಲ್ಲ. ಇತರ ಅನೇಕ ಸಂಸ್ಥಾನಗಳಲ್ಲಿ ಉಂಟು. ನೆಲದೊಳಗಿನ ಕೊಠಡಿಗೆ ಇವು ಸಲ್ಲವೆಂದೇ ನಮ್ಮ ಅಭಿಪ್ರಾಯ.

ಗೋಡೆಯ ಹೊರಗೂ ಒಳಗೂ

ನೆಲಮಾಳಿಗೆಯ ಗೋಡೆಯನ್ನು ನೇರವಾಗಿ ಕೊರೆದರೆ ಮಣ್ಣು ಎದುರಾಗುತ್ತದೆ. ಆದುದರಿಂದ ಕೊಳವೆ ಮೊದಲು ಮೇಲಕ್ಕೆ ಏರಿ, ಬಳಿಕ ಅಡ್ಡಲಾಗಿ ಹೊರಬೀಳಬೇಕು. ಅದರ ಬಾಯಿ ನೆಲದಿಂದ ಸಾಮಾನ್ಯವಾಗಿ 30 ಸೆಂಟಿಮೀಟರಾದರೂ ಮೇಲಿರಬೇಕು, ಹಿಮ ಹೆಚ್ಚಾಗಿ ಬೀಳುವ ಊರಿನಲ್ಲಿ ಇನ್ನೂ ಮೇಲೆ, ಕಿಟಕಿಗಳಿಂದ ದೂರವಿರಬೇಕು. ಹಿಮದ ಗುಡ್ಡೆ ಬಾಯನ್ನು ಮುಚ್ಚಿದರೆ ಉರಿಗೆ ಉಸಿರು ಕಟ್ಟುತ್ತದೆ. ಅಲ್ಲಿಯವರು ಮುಂಜಾನೆ ದಾರಿಯ ಹಿಮ ಎತ್ತುವಾಗ ಗೋಡೆಯ ಈ ಮೂಲೆಯನ್ನೂ ಎತ್ತುವುದನ್ನು ರೂಢಿಮಾಡಿಕೊಳ್ಳುತ್ತಾರೆ.

ಒಳಗಿನ ಗೋಡೆ ಈಗಾಗಲೇ ಸಿದ್ಧವಾಗಿರುವುದು ಇನ್ನೊಂದು ತೊಡಕು. ಹಲಗೆಯನ್ನು ಬಿಚ್ಚದೆ ಅದರ ಹಿಂದಿರುವ ಮರ, ತಂತಿ, ಕೊಳವೆಗಳು ಕಾಣುವುದಿಲ್ಲ. ವರ್ಷಗಟ್ಟಲೆ ಶಾಖಕ್ಕೆ ಸಿಕ್ಕಿದ ಮರವು ಒಳಗೊಳಗೇ ಕರಿಕಾಗುತ್ತ, ಹೊಸ ಮರ ಹೊತ್ತಿಕೊಳ್ಳುವುದಕ್ಕಿಂತ ಕಡಿಮೆ ಉಷ್ಣತೆಯಲ್ಲಿಯೇ ಹೊತ್ತಿಕೊಳ್ಳಬಲ್ಲದು. ಪೆಟ್ಟಿಗೆಗೂ ಮರಕ್ಕೂ ಇಂತಿಷ್ಟು ಅಂತರವಿರಬೇಕೆಂದು ವಿಧಿಸುವುದು ಇದರಿಂದ. ಅನಿಲದ ಕೊಳವೆಯ ಗಾತ್ರವನ್ನೂ ಲೆಕ್ಕಹಾಕಬೇಕು. ಕುಲುಮೆ, ಹಂಡೆ, ಒಲೆಗಳಿಗೆ ಸಾಕಾಗುವಷ್ಟೇ ಇದ್ದ ಕೊಳವೆಗೆ ಹೊಸ ಕವಲು ಹಾಕಿದರೆ ಎಲ್ಲಕ್ಕೂ ಒತ್ತಡ ಕಡಿಮೆಯಾದೀತು. ಇವೆಲ್ಲ ಪರವಾನಗಿ ಪಡೆದ ಕೆಲಸಗಾರನ ಪಾಲಿನವು.

ವಾಸನೆಯ ಕಥೆ

ಮೀಥೇನಿಗೆ ತನ್ನದೇ ಆದ ವಾಸನೆಯಿಲ್ಲ. ನಾವು ಅನಿಲದ ವಾಸನೆಯೆಂದು ಮೂಗು ಮುಚ್ಚಿಕೊಳ್ಳುವುದು ಬೇಕೆಂದೇ ಬೆರಸಿದ ಮರ್ಕಾಪ್ಟನ್ ಎಂಬ ಗಂಧಕದ ಸಂಯುಕ್ತದ ವಾಸನೆ. ಇದು ಎಲ್ಲೆಡೆ ರೂಢಿಗೆ ಬಂದುದರ ಹಿಂದೆ ಒಂದು ಘೋರ ಘಟನೆಯಿದೆ. ಅಮೆರಿಕೆಯ ಟೆಕ್ಸಾಸ್ ಸಂಸ್ಥಾನದ ನ್ಯೂ ಲಂಡನ್ ಎಂಬ ಊರಿನ ಶಾಲೆಯು ಪಕ್ಕದ ತೈಲಬಾವಿಗಳ ಅನಿಲದಿಂದ ತನ್ನ ಕೊಠಡಿಗಳನ್ನು ಬೆಚ್ಚಗಿಡುತ್ತಿದ್ದಿತು. 1937ರ ಮಾರ್ಚ್ 18ರಂದು ಶಾಲೆ ಬಿಡುವ ಹೊತ್ತು ಹತ್ತಿರವಾಗಿದ್ದಾಗ, ಕಟ್ಟಡದ ಅಡಿಯ ಟೊಳ್ಳಿನಲ್ಲಿ ಸೋರಿ ತುಂಬಿದ್ದ ಅನಿಲಕ್ಕೆ ಕಿಡಿ ತಗಲಿತು. ಕಸುಬಿನ ತರಗತಿಯಲ್ಲಿ ಮರ ಉಜ್ಜುವ ವಿದ್ಯುತ್ ಯಂತ್ರವನ್ನು ಚಾಲನೆ ಮಾಡಿದುದರಿಂದ ಹುಟ್ಟಿದ ಕಿಡಿ ಅದು ಎಂದು ತನಿಖೆಯಲ್ಲಿ ತಿಳಿಯಿತು. ಮುನ್ನೂರರ ಹತ್ತಿರ ಮಕ್ಕಳೂ ಉಪಾಧ್ಯಾಯರೂ ಸತ್ತರು. ಸೋರಿದ ಅನಿಲಕ್ಕೆ ವಾಸನೆ ಇರದಿದ್ದುದರಿಂದ ಯಾರಿಗೂ ಸುಳಿವು ಸಿಕ್ಕಿರಲಿಲ್ಲ. ಸ್ವಲ್ಪ ಕಾಲದಲ್ಲಿಯೇ ಟೆಕ್ಸಾಸಿನಲ್ಲಿ ಅನಿಲಕ್ಕೆ ವಾಸನೆ ಬೆರಸಬೇಕೆಂಬ ಕಾನೂನು ಬಂದಿತು. ಇತರ ಕಡೆಗಳಲ್ಲಿಯೂ ಹಬ್ಬಿತು.

ಕೊಳವೆಯ ಅನಿಲವಿಲ್ಲದ ಹಳ್ಳಿಗಳಲ್ಲಿ ಹೊರಗೆ ಇಟ್ಟ ತೊಟ್ಟಿಯಿಂದ ಪ್ರೊಪೇನನ್ನು ತರುತ್ತಾರೆ. ಮೀಥೇನ್ ಗಾಳಿಗಿಂತ ಹಗುರ, ಸೋರಿದರೆ ಮೇಲೇರುತ್ತದೆ. ಪ್ರೊಪೇನ್ ಗಾಳಿಯ ಒಂದೂವರೆಯಷ್ಟು ಭಾರ. ಸೋರಿದರೆ ನೀರಿನಂತೆ ಕೆಳಕ್ಕೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಮನೆಯ ಅತ್ಯಂತ ತಗ್ಗಿನ ಸ್ಥಳವೇ ನೆಲಮಾಳಿಗೆಯಲ್ಲವೆ! ನಮ್ಮ ಅಡಿಗೆಮನೆಯ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಇನ್ನೂ ಭಾರವಾದ ಬ್ಯೂಟೇನಿನ ಮಿಶ್ರಣ. ಸಿಲಿಂಡರನ್ನು ನೆಲದ ಮಟ್ಟಕ್ಕಿಂತ ಕೆಳಗಿನ ಕೋಣೆಯಲ್ಲಿ ಇಡಬಾರದೆನ್ನುವುದಕ್ಕೆ ಕಾರಣ ಇದೇ. ಪ್ರೊಪೇನು ಗಾತ್ರಕ್ಕೆ ಗಾತ್ರ ಮೀಥೇನಿನ ಎರಡೂವರೆಯಷ್ಟು ಶಾಖ ಕೊಡುವುದರಿಂದ ಒಂದರ ರಂಧ್ರ ಇನ್ನೊಂದಕ್ಕೆ ಒಗ್ಗುವುದಿಲ್ಲ. ಮೀಥೇನಿನ ರಂಧ್ರದಲ್ಲಿ ಪ್ರೊಪೇನನ್ನು ಹರಿಸಿದರೆ ಪೆಟ್ಟಿಗೆಯೆಲ್ಲ ಮಸಿಮಯವಾಗುತ್ತದೆ.

ಇಷ್ಟೆಲ್ಲ ತೊಡಕುಗಳಿದ್ದರೂ ಜನ ಇದನ್ನು ಬಯಸುವುದಕ್ಕೆ ಚೆಲುವಿನ ಹೊರತಾಗಿ ಇನ್ನೊಂದು ಕಾರಣವುಂಟು. 1998ರ ಜನವರಿಯಲ್ಲಿ ಕ್ವಿಬೆಕ್ಕಿನಲ್ಲಿಯೂ ಪೂರ್ವ ಒಂಟೇರಿಯೋದಲ್ಲಿಯೂ ಬಿದ್ದ ಮಳೆ ತಗಲಿದ ಕಡೆ ಹೆಪ್ಪುಗಟ್ಟಿ, ಅದರ ಭಾರಕ್ಕೆ ವಿದ್ಯುತ್ತಿನ ಗೋಪುರಗಳೇ ಮುರಿದುಬಿದ್ದುವು; ಲಕ್ಷಾಂತರ ಮನೆಗಳು ದಿನಗಟ್ಟಲೆ, ಕೆಲವೆಡೆ ವಾರಗಟ್ಟಲೆ, ಕತ್ತಲೆಯಲ್ಲಿದ್ದುವು. ಅನಿಲದ ಕುಲುಮೆಗೂ ಪಂಖ ತಿರುಗಿಸಲು ವಿದ್ಯುತ್ತು ಬೇಕಾದುದರಿಂದ ಅದು ನಿಂತುಹೋಗುತ್ತದೆ. ಅಗ್ಗಿಷ್ಟಿಕೆಯದು ಬೇರೆ ಬಗೆ. ಎರಡು ಬೇರೆ ಲೋಹಗಳನ್ನು ಬೆಸೆದು ಬೆಸುಗೆಯನ್ನು ಕಾಯಿಸಿದರೆ ವಿದ್ಯುತ್ತು ಹುಟ್ಟುವುದನ್ನು 1821ರಲ್ಲಿ ಸೀಬೆಕ್ ಕಂಡುಹಿಡಿದನಷ್ಟೆ. ಅಂಥ ಅನೇಕ ಬೆಸುಗೆಗಳ ಗೊಂಚಲನ್ನು ಕಿರುಜ್ವಾಲೆಯಲ್ಲಿ ಇಟ್ಟಿರುತ್ತಾರೆ. ಅದರಿಂದ ದೊರೆಯುವ ಅರ್ಧ ವೋಲ್ಟಿನಷ್ಟು ವಿದ್ಯುತ್ತೇ ಅನಿಲದ ಕವಾಟವನ್ನು ತೆರೆದು ಹಿಡಿಯಲು ಸಾಕು. ಜ್ವಾಲೆ ಆರಿದರೆ ವಿದ್ಯುತ್ತು ನಿಂತು, ಕವಾಟ ತಾನೇ ಮುಚ್ಚುತ್ತದೆ. ಹೊಸ ಮಾದರಿಗಳಲ್ಲಿ ಕಿರುಜ್ವಾಲೆ ಸದಾ ಉರಿಯದೆ ಬೇಕಾದಾಗ ಕಿಡಿಯಿಂದ ಹೊತ್ತುತ್ತದೆ. ಅವಕ್ಕೆ ಬ್ಯಾಟರಿಯ ಆಸರೆ ಇರುತ್ತದೆ. ಆ ಜನವರಿಯಲ್ಲಿ ಮನೆಯೊಳಗೆ ಬೆಚ್ಚಗಾಗಲು ಕಂಡ ಕಂಡ ಒಲೆಗಳನ್ನು ಉರಿಸಿ ಮಾನಾಕ್ಸೈಡಿಗೆ ತುತ್ತಾದವರೂ ಇದ್ದರು.

ಕ್ಯಾನರಿಯ ಸ್ಥಾನದಲ್ಲಿ ಇಂದು ಅಂಗೈಯಗಲದ ಸೂಚಕವೊಂದು ಗೋಡೆಯ ಮೇಲಿರುತ್ತದೆ. ಅದರೊಳಗಿನ ಪುಟ್ಟ ವಿದ್ಯುತ್ಕೋಶದಲ್ಲಿ ಮಾನಾಕ್ಸೈಡು ಉತ್ಕರ್ಷಣೆಗೊಂಡು ಅತಿ ಸಣ್ಣ ವಿದ್ಯುತ್ ಪ್ರವಾಹವನ್ನು ಹುಟ್ಟಿಸುತ್ತದೆ. ಪ್ರವಾಹ ಮಿತಿಮೀರಿದರೆ ಗಂಟೆ ಕೂಗುತ್ತದೆ. ಕೋಶ ವರ್ಷಗಳು ಕಳೆದಂತೆ ದುರ್ಬಲವಾಗುವುದರಿಂದ ಏಳರಿಂದ ಹತ್ತು ವರ್ಷಗಳಿಗೊಮ್ಮೆ ಸೂಚಕವನ್ನೇ ಬದಲಾಯಿಸಬೇಕು. ಅದರ ಬೆನ್ನಿನ ಮೇಲೆ ತಾರೀಖು ಅಚ್ಚಾಗಿರುತ್ತದೆ. ಅಗ್ಗಿಷ್ಟಿಕೆಯನ್ನು ಮೊದಲ ಸಲ ಹಚ್ಚಿದ ದಿನ ಲೋಹಕ್ಕೆ ಬಳಿದ ಬಣ್ಣವೂ ಎಣ್ಣೆಯೂ ಕಾದು ಕೆಲವು ಗಂಟೆಗಳ ಕಾಲ ಕಟುವಾದ ವಾಸನೆ ಬರುತ್ತದೆ. ಅಂದು ಮಾತ್ರ ಹೊರಗೆ ಹಿಮ ಬೀಳುತ್ತಿದ್ದರೂ ಕಿಟಕಿಗಳನ್ನು ತೆರೆದಿಡುವುದು ವಾಡಿಕೆ.